ನಾನು ಸಪಾಟು ಮಾಡಿದ ಗುಡ್ಡ

ಹೋದ ತಿಂಗಳ ಒಂದು ಮಂಗಳವಾರ ಹನ್ನೊಂದೂಕಾಲಿಗೆ, ನನ್ನ ತಮ್ಮನ ಹೆಂಡತಿ ಸಾಲ ಕೊಡಬಾರದ ಹೆಂಗಸು ಎಂದು ಕಂಪ್ಯೂಟರ್ ಹೇಳಿತು. ಅದಕ್ಕೆ ಹಾಗೆ ಕಲಿಸಿದವನು ನಾನು.

ಕ್ರಮವಾಗಿ ಹೇಳುತ್ತೇನೆ. ಮಹಾರಾಷ್ಟ್ರ ಗಡಿಯ ಉಮರ್ಗಾದ ಒಂದು ಪತ್ತಿನ ಸಂಘದಲ್ಲಿ ನನ್ನ ಕೆಲಸ. ಸಾಲ ಕೇಳುವವರಿಗೆ ಅಂಕ ಕೊಡುವ ಸ್ಕೋರ್‌ಕಾರ್ಡ್ ತಯಾರಿಸುವುದು ನನ್ನ ಪಾಲಿಗೆ ಬಂತು. ಅದರಲ್ಲೊಂದು ಪ್ರಶ್ನೆ: ಈಗಿನ ಮನೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಹಳೆಯ ಸಾಲಗಾರರನ್ನು ನೋಡಿ ಕಂಪ್ಯೂಟರ್ ತಾನೇ ಗುಂಪು ಮಾಡಿತು. ವರ್ಷ ಹೆಚ್ಚಿದಂತೆ ಅಂಕ ಏರಬೇಕು, ಅಲ್ಲವೇ? ಏರಿತ್ತು. ಆದರೆ ಎರಡರಿಂದ ಐದು ವರ್ಷದವರ ಬಳಿ ಗ್ರಾಫಿನಲ್ಲೊಂದು ಗುಡ್ಡ. ಮೊನ್ನೆ ಬಂದವರು ಹಳಬರಿಗಿಂತ ಚೊಕ್ಕವಾಗಿ ಕಂತು ಕಟ್ಟುತ್ತಾರೆಯೇ?

ನಾನು ನಂಬಲಿಲ್ಲ. ಗುಂಪುಗಳನ್ನು ನಮಗೆ ಬೇಕಾದಂತೆ ಕಟ್ಟಿಕೊಳ್ಳಲು ಬರುತ್ತಿತ್ತು. ಐದು ವರ್ಷದೊಳಗಿನವರನ್ನೆಲ್ಲ ಒಂದೇ ಗುಂಪಿಗೆ ತಳ್ಳಿದೆ. ಗುಡ್ಡ ಮಾಯ, ಗೆರೆ ನೇರ. ಮ್ಯಾನೇಜರು ಚಹಾ ತರಿಸಿದರು.

ಆಮೇಲೆ ಬಂದದ್ದು ತಮ್ಮನ ಹೆಂಡತಿ ಮಹಾದೇವಿಯ ಅರ್ಜಿ, ಶಾವಿಗೆ ಯಂತ್ರಕ್ಕೆ. ಔರಾದ ಶಹಾಜನಿ ಎಂಬ ಊರಿನಿಂದ ನಮ್ಮ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷ. ಯಂತ್ರ ಇಡುವ ಕೋಣೆಗೆ ಆಗಲೇ ಸುಣ್ಣ ಹೊಡೆಸಿದ್ದಳು. ಎರಡೇ ಅಂಕ ಕಡಿಮೆಯಾಗಿ ಅರ್ಜಿ ಬಿತ್ತು. ಸಂಜೆ ಮನೆಯಲ್ಲಿ ವಿಷಯ ಹೇಳಿದೆ.

“ಯಾಕ್ರೀ ಭಾವ?”

“ಈ ಮನ್ಯಾಗ ನೀ ಬಂದು ಮೂರೇ ವರ್ಷ ಆಗ್ಯಾದಲ್ಲ, ತಂಗಿ.”

“ಮತ್ತ ಹುಟ್ಟಿದ ದಿನದಿಂದೇ ನಿಮ್ಮ ಮನ್ಯಾಗ ಇರಬೇಕಿತ್ತೇನ್ರೀ?”

ಒಳಗಿನಿಂದ ಅವ್ವ ಕೂಗಿದಳು: “ನಾ ಬಂದು ಐವತ್ತು ವರ್ಷ ಆತು. ಓಣ್ಯಾಗ ಇನ್ನೂ ತವರೂರಿನ ಹೆಸರು ಹಿಡಿದು ಮಾಕಣಿಯಾಕಿ ಅಂತಾರ. ನನಗೆಷ್ಟು ಮಾರ್ಕ್ಸ್ ಹಾಕ್ತಿ?”

ಮರುದಿನ ನಾನು ಒಟ್ಟುಗೂಡಿಸಿದ ಗುಂಪನ್ನು ಬಿಚ್ಚಿ, ಹೆಸರು ಹೆಸರಾಗಿ ಓದಿದೆ. ಎರಡು ವರ್ಷದೊಳಗಿನವರು ಬಹುತೇಕ ಬಾಡಿಗೆದಾರರು; ಕಂತು ತಪ್ಪಿಸಿದವರು ಹೆಚ್ಚಾಗಿ ಅವರೇ. ಗುಡ್ಡದ ಮೇಲಿದ್ದವರು? ಸೊಸೆಯರು! ನಮ್ಮ ಕಡೆ ಸೊಸೆ ಮೊದಲೆರಡು ವರ್ಷ ಯಾರನ್ನೂ ಏನೂ ಕೇಳುವುದಿಲ್ಲ. ಮೂರನೆಯ ವರ್ಷ ಬಾಯಿ ಬಿಡುತ್ತಾಳೆ. ಆಮೇಲೆ ಒಂದು ಕಂತೂ ತಪ್ಪಿಸುವುದಿಲ್ಲ. ತಪ್ಪಿದರೆ ಅತ್ತೆ ಬಿಡಬೇಕಲ್ಲ.

“ಅಹೋ ಸರ್, ಮನಿ ಸೊಸಿ ಸಲುವಾಗಿ ಗುಂಪು ಒಡೀಲಿಕ್ಕತ್ತೀರೇನ್ರೀ?” ಎಂದರು ಮ್ಯಾನೇಜರು.

ಹಳೆಯ ಫೈಲುಗಳನ್ನು ಅವರ ಮುಂದಿಟ್ಟು, ತೀರ್ಮಾನ ನೀವೇ ಮಾಡಿ ಎಂದು ಹೊರಗೆ ಹೋಗಿ ನಿಂತೆ. ಅರ್ಧ ಗಂಟೆ ಓದಿದರು. ಗುಡ್ಡ ವಾಪಸ್ ಬಂತು, ಅದರ ಹಿಂದೆ ಯಂತ್ರವೂ.

ನಿನ್ನೆ ಮಹಾದೇವಿ ಮೊದಲ ಶಾವಿಗೆ ಬಡಿಸಿದಳು. ಒಂದು ಎಳೆಯೂ ನೇರವಿರಲಿಲ್ಲ. ನಾನು ಈ ಸಲ ನೇರ ಮಾಡಲು ಹೋಗದೆ ಎರಡು ಸಲ ಹಾಕಿಸಿಕೊಂಡೆ.