ಬೆಚ್ಚಗಿದ್ದ ಗೇರ್‌ಬಾಕ್ಸ್: ಹುಕ್ಕೇರಿಯಿಂದ ಮಸಗುಪ್ಪಿಗೆ

ಜನವರಿಯ ಒಂದು ಮುಂಜಾನೆ ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಡುವ ಮೊದಲ ಬಸ್ಸು ಹಿಡಿದೆ. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಊರು ದಾಟಿದರೂ ಬಸ್ಸು ವೇಗ ಹಿಡಿಯಲಿಲ್ಲ.

"ಎತ್ತಿನ ಗಾಡಿ ಹತ್ತೇವೇನ್ರಿ ನಾವು?" ಎಂದು ಹಿಂದಿನ ಸೀಟಿನವರೊಬ್ಬರು ಕೇಳಿದರು.

"ಇಂಜಿನ್ ಕಾದೈತ್ರಿ ಕಾಕಾ, ಗೇರ್‌ಬಾಕ್ಸ್ ಇನ್ನೂ ಮಲಗೇತಿ," ಎಂದ ಡ್ರೈವರ್, ತಿರುಗಿ ನೋಡದೆ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇದೇ ಮಾತಿಗೆ ಇಪ್ಪತ್ತೆರಡು ವರ್ಷಗಳ ಹಿಂದೆ ನಾನು ಶಿವಲಿಂಗನನ್ನು ಬೈಯುತ್ತಿದ್ದೆ. ಆಗ ಗೋಕಾಕದಲ್ಲಿ ನನ್ನದೊಂದು ಟೆಂಪೊ ಇತ್ತು, ಅವನು ಅದರ ಡ್ರೈವರ್. ನಾವೆಲ್ಲ ಇಂಜಿನ್ ಚಾಲೂ ಮಾಡಿಟ್ಟು, ಚಹಾ ಕುಡಿದು ಬಂದು, ಗಾಡಿ ಕಾದಿದೆಯೆಂದು ಓಡಿಸುವವರು. ಅವನು ಮಾತ್ರ ಮೊದಲ ನಾಲ್ಕೈದು ಮೈಲಿ ಬಸುರಿಯನ್ನು ತವರಿಗೆ ಕರೆದೊಯ್ಯುವಂತೆ ನಡೆಸುತ್ತಿದ್ದ. "ಇಂಜಿನ್‌ನಾಗ ಒಲಿ ಐತ್ರಿ, ಗೇರ್‌ಬಾಕ್ಸಿಗೆ ಒಲಿ ಇಲ್ಲ. ಅದರ ಎಣ್ಣಿ ದಪ್ಪ. ಗೇರಿನ ಹಲ್ಲು ತಿರುಗಿ ಎಣ್ಣಿ ಕಲಕಿ ತಾನ ಕಾಯಬೇಕು," ಎನ್ನುತ್ತಿದ್ದ. ಅದನ್ನು ನಾನು ಸೋಮಾರಿತನ ಎಂದೆ.

ಇಂಥದೇ ಚಳಿಯಲ್ಲಿ ಒಂದು ದಿನ ಅವನು ಬರುವ ಮೊದಲೇ ನಾನು ಘಟಪ್ರಭಾದವರೆಗೆ ಟೆಂಪೊ ಓಡಿಸಿಕೊಂಡು ಹೋಗಿಬಂದೆ. ಹೊರಡುವಾಗಲೇ ಎರಡನೆಯ ಗೇರು ಬೀಳಲಿಲ್ಲ. ಒತ್ತಿ ಹಾಕಿದೆ, ಕರ್ರೆಂದಿತು. ಮರಳಿ ತಂದು ಸುಮ್ಮನೆ ನಿಲ್ಲಿಸಿದೆ. ಆಮೇಲೆ ಶಿವಲಿಂಗ ಹತ್ತಿದಾಗ ಗೇರು ನಿಲ್ಲಲೇ ಇಲ್ಲ. ಟೆಂಪೊ ಸ್ಟ್ಯಾಂಡಿನಲ್ಲಿ ಹತ್ತು ಜನರೆದುರು, ಗೇರಿನ ಹಲ್ಲು ಮುರಿದವನು ನೀನೇ ಎಂದೆ. ನಾನು ಗಾಡಿ ನಿಂತಲ್ಲೇ ಇಂಜಿನ್ ಕಾಯಿಸಿದ್ದಷ್ಟೇ ಎಂದೂ ಸುಳ್ಳು ಹೇಳಿದೆ. ಅವನು ಚಾವಿ ಕೊಟ್ಟು ಹೋದ. ಮುಂದೆ ಗೋಕಾಕದಲ್ಲಿ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ.

ಗೋಕಾಕದಲ್ಲಿ ಇಳಿದು ಚುರುಮುರಿಯ ಸುಸಲಾ ತಿಂದೆ, ಈಗ ಮಸಗುಪ್ಪಿಯಲ್ಲಿರುವ ಶಿವಲಿಂಗನಿಗೆಂದು ಅರ್ಧ ಕಿಲೊ ಕರದಂಟು ಕಟ್ಟಿಸಿದೆ. ಮೂಡಲಗಿ ಬಸ್ಸು ಕಲ್ಲೋಳಿ ದಾಟುವಾಗ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ತುಂಬಿದ್ದವು. ಮೂಡಲಗಿಯಿಂದ ಆಟೊ. ಮಸಗುಪ್ಪಿ ತಲುಪುವ ಹೊತ್ತಿಗೆ ಬಿಸಿಲು ಏರಿತ್ತು. ಶಿವಲಿಂಗ ಮನೆಯ ಮುಂದೆ ತನ್ನ ಟೆಂಪೊ ಒರೆಸುತ್ತಿದ್ದ.

"ಬರ್ರಿ ಮಾಲಕರ, ಹಾದಿ ತಪ್ಪಿದ್ರೇನು?"

ನಿಂತಲ್ಲೇ ಎಲ್ಲವನ್ನೂ ಹೇಳಿದೆ.

"ನಂಗ ಅವತ್ತ ಗೊತ್ತಾತ್ರಿ," ಎಂದ. "ಕೆಳಗ ಕೈ ಹಚ್ಚಿ ನೋಡಿದ್ನಿ. ಗೇರ್‌ಬಾಕ್ಸ್ ಬೆಚ್ಚಗಿತ್ತು. ನಿಂತಲ್ಲೆ ಇಂಜಿನ್ ಕಾಯಿಸಿದ್ರ ಅದು ಹಂಗ ಬೆಚ್ಚಗಾಗೂದಿಲ್ಲ."

"ಮತ್ತ ಯಾಕ ಅನ್ಲಿಲ್ಲೊ?"

"ನಿಮ್ಮ ಬಾಯಿಂದ ಬರ್ಲಿ ಅಂತ."

"ಈಗ ಬಂತಲ್ಲ."

"ಇಲ್ಲೆ ಯಾರ ಅದಾರ್ರಿ? ನಾನು, ನೀವು, ಈ ಎಮ್ಮಿ. ನನ್ನ ಹೆಸರು ಕೆಟ್ಟಿದ್ದು ಗೋಕಾಕ ಸ್ಟ್ಯಾಂಡಿನಾಗ."

"ಹಂಗಾದ್ರ ಅಲ್ಲೇ ಹೇಳ್ತೀನಿ, ನಡಿ," ಎಂದೆ. ಅವನ ಟೆಂಪೊ ಎರಡು ದಿನದಿಂದ ನಿಂತು ತಣ್ಣಗಾಗಿತ್ತು. ತಾನೇ ನನ್ನನ್ನು ಹತ್ತಿಸಿಕೊಂಡು ಗೋಕಾಕಕ್ಕೆ ಹೊರಟ. ಗೇರಿನ ಮೇಲೆ ಎರಡೇ ಬೆರಳು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ಅರೆ ಉಸಿರಿನಷ್ಟು ತಡೆಯುತ್ತಿದ್ದ. ಅದು ತಾನಾಗಿ ಒಳಗೆ ಹೋಗುತ್ತಿತ್ತು, ಒಂದು ಸದ್ದಿಲ್ಲ. ಮೂಡಲಗಿ ದಾಟಿದ ಮೇಲೆಯೇ ವೇಗ ಹೆಚ್ಚಿಸಿದ. ಇಂಥ ಕೈಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಇದನ್ನು ಆಗಲೇ ಹೇಳಬೇಕಿತ್ತು.

ಗೋಕಾಕದ ಸ್ಟ್ಯಾಂಡಿನಲ್ಲಿ ಅಂದಿನವರೆಂದರೆ ಇಬ್ಬರು ಡ್ರೈವರುಗಳು ಮತ್ತು ಚಹಾದಂಗಡಿಯವ ಮಾತ್ರ ಉಳಿದಿದ್ದರು. ಹೊಸಬರೂ ಏಳೆಂಟು ಮಂದಿ ಇದ್ದರು. ಎಲ್ಲರ ನಡುವೆ ನಿಂತು, ಆ ಗೇರಿನ ಹಲ್ಲು ಮುರಿದವನು ನಾನು, ಶಿವಲಿಂಗ ಅಲ್ಲ ಎಂದೆ.

ಚಹಾದಂಗಡಿಯವ ನನ್ನನ್ನು ದಿಟ್ಟಿಸಿದ. "ಇಷ್ಟ ಹೇಳಾಕ ಇಪ್ಪತ್ತೆರಡು ವರ್ಷ ಬೇಕಾತೇನ್ರಿ?"

ಶಿವಲಿಂಗನೇ ಹೇಳಿದ: "ದಪ್ಪ ಎಣ್ಣಿ ಐತೋ ಮಾರಾಯಾ, ಹೊತ್ತು ಹಿಡೀತೈತಿ. ಎರಡು ಚಾ ಕೊಡು."

ಸಂಜೆ ಹುಕ್ಕೇರಿ ಬಸ್ಸಿನ ಕಿಟಕಿಯಿಂದ ನೋಡಿದೆ. ಹೊಸ ಡ್ರೈವರೊಬ್ಬ ತನ್ನ ಗಾಡಿಯ ಕೆಳಗೆ ಬಗ್ಗಿದ್ದ. ಕೈ ಎಲ್ಲಿ ಹಚ್ಚಿ ನೋಡಬೇಕೆಂದು ಶಿವಲಿಂಗ ತೋರಿಸುತ್ತಿದ್ದ.