ಬ್ರೇಕಿನ ಮೇಲೆ ಕಾಲಿಟ್ಟಾಗ

ಜನವರಿಯಲ್ಲಿ ಊಟಿಯ ಹಳೆಯ ಕಾರೊಂದು ಬೆಳಿಗ್ಗೆ ನಡುಗಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹುಲ್ಲಿನ ಮೇಲೆಲ್ಲ ಹೆಪ್ಪುಗಟ್ಟಿದ ಇಬ್ಬನಿ, ಫ್ರಾಸ್ಟ್, ಬಿದ್ದಿರುತ್ತದೆ, ಮನುಷ್ಯರೇ ನಡುಗುತ್ತಿರುತ್ತಾರೆ. ನಮ್ಮ ಕಾರಿಗೂ ಚಳಿಯೇ ಅಂದುಕೊಂಡೆ. ನಮ್ಮವರು ತೀರಿಹೋದ ಮೇಲೆ ಅದನ್ನು ಮಾರು ಅಂದವರೇ ಎಲ್ಲ. ನಾನು ಮಾರಲಿಲ್ಲ. ಅವರು ಓಡಿಸುವಾಗ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು ಎಂಜಿನ್ನಿನ ಸದ್ದು ಕೇಳುತ್ತಿದ್ದವಳು ನಾನು. ಕಾನ್ವೆಂಟಿನ ಪಿಯಾನೋ ಕ್ಲಾಸಿನಲ್ಲಿ ಬೆರಳು ಏನೂ ಕಲಿಯಲಿಲ್ಲ, ಕಿವಿ ಮಾತ್ರ ಅಷ್ಟಿಷ್ಟು ಕಲಿತಿತ್ತು.

ನಮ್ಮ ಮನೆಯ ಗೇಟು ಇಳಿಜಾರಿನಲ್ಲಿದೆ. ಕೆಲಸದವಳು ಬಂದು ಗೇಟು ತೆಗೆಯುವವರೆಗೆ ಬ್ರೇಕ್ ಒತ್ತಿ ಕೂತಿದ್ದರೆ ಸ್ಟಿಯರಿಂಗ್ ಕೈಯಲ್ಲಿ ಥರಥರ ಅನ್ನುತ್ತಿತ್ತು. ಒಂದೊಂದು ದಿನ ಎಂಜಿನ್ ನಿಂತೇ ಹೋಗುತ್ತಿತ್ತು. ಆದರೆ ಮೆಕ್ಯಾನಿಕ್ಕನ ಶೆಡ್ಡಿಗೆ ಒಯ್ದರೆ ಒಳ್ಳೇ ಸ್ಕೂಲ್ ಗರ್ಲ್ ಥರ ತೆಪ್ಪಗೆ ನಿಂತಿತು. ಅವನ ಶೆಡ್ಡು ಸಮತಟ್ಟು. ಹ್ಯಾಂಡ್‌ಬ್ರೇಕ್ ಎಳೆದು, ಬಾನೆಟ್ ಎತ್ತಿ, ಹೊರಗೆ ನಿಂತೇ ನೋಡಿದ.

"ಪ್ಲಗ್ ಚೆನ್ನಾಗಿದೆ, ಕಾರ್ಬ್ಯುರೇಟರ್ ಕ್ಲೀನಾಗಿದೆ. ಚಳಿ ಅಷ್ಟೇ ಅಮ್ಮಾ. ಬೇಕಾದ್ರೆ ಗಾಡಿಗೂ ಒಂದು ಸ್ವೆಟರ್ ಹೆಣೆದುಬಿಡಿ," ಅಂದ.

ನಕ್ಕೆ. ಸ್ಕ್ರೂ ಒಂದನ್ನು ತಿರುಗಿಸಿ, ನಿಂತಲ್ಲಿ ಎಂಜಿನ್ ಇನ್ನೂ ಸ್ವಲ್ಪ ಜೋರಾಗಿ ಓಡುವಂತೆ ಮಾಡಿಕೊಟ್ಟ. ನಡುಕ ಕಡಿಮೆಯಾಯಿತು. ಆಮೇಲೆ ಬ್ರೇಕಿನ ಪೆಡಲ್ ಕೊಂಚ ಬಿಗಿ ಅನ್ನಿಸತೊಡಗಿತು. ನನ್ನ ಮಂಡಿಯದೇ ದೋಷ ಅಂದುಕೊಂಡೆ.

ಕಣ್ಣು ತೋರಿಸಲು ಬಂದಿದ್ದ ಅಕ್ಕನನ್ನು ಅವಳ ಊರಾದ ಮಸಿನಗುಡಿಗೆ ಬಿಟ್ಟುಬರಲು ಹೊರಟದ್ದು ಅದಾದ ಮೇಲೆ. ಅವತ್ತು ಅವಳ ಮೊಮ್ಮಗಳ ಮಗುವಿಗೆ ತೊಟ್ಟಿಲ ಶಾಸ್ತ್ರ. ರೇಷ್ಮೆ ಸೀರೆ ಉಟ್ಟು, ಮೇಲೆ ನನ್ನ ಕೋಟು ಹಾಕಿಕೊಂಡು ಕೂತಿದ್ದಳು. ಕಲ್ಹಟ್ಟಿ ಘಾಟಿ ಇಳಿಯಬೇಕು. ಹೇರ್‌ಪಿನ್ ತಿರುವುಗಳು ಒಂದರ ಕೆಳಗೊಂದು. ಹೊರಗಿನ ಕಾರುಗಳನ್ನು ಆ ದಾರಿಯಲ್ಲಿ ಇಳಿಯಬಿಡುವುದಿಲ್ಲ. ನಮ್ಮ ನಂಬರ್ ಪ್ಲೇಟು ನೀಲಗಿರಿಯದು. ಆ ಒಂದು ಪ್ಲೇಟಿನ ಮೇಲೆ ನಮಗೆಲ್ಲ ಎಷ್ಟು ಜಂಬ!

ತಲೈಕುಂದಾದ ಚೆಕ್‌ಪೋಸ್ಟಿನಲ್ಲಿ ಕ್ಯೂ ಇತ್ತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿ ನಿಂತೆ. ನಡುಕ ಮತ್ತೆ ಶುರುವಾಯಿತು. ಕಾಲು ನೋಯುತ್ತಿತ್ತು, ಹ್ಯಾಂಡ್‌ಬ್ರೇಕ್ ಎಳೆದು ಕಾಲು ತೆಗೆದೆ. ಸದ್ದು ತಟ್ಟನೆ ಸರಿಹೋಯಿತು. ಒತ್ತಿದೆ: ಎಂಜಿನ್ ಕುಸಿದು ತಡಬಡಾಯಿಸಿತು. ಬಿಟ್ಟೆ: ಸಮವಾಯಿತು. ಮತ್ತೆ ಒತ್ತಿ ಬಗ್ಗಿ ಕೇಳಿದೆ. ಪೆಡಲಿನ ಹಿಂದೆಲ್ಲೋ ಸಣ್ಣಗೆ ಸ್‌ಸ್ ಅಂತ ಗಾಳಿ ಎಳೆಯುತ್ತಿತ್ತು.

ಚಳಿಗೆ ನನ್ನ ಕಾಲು ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ?

ಎಂಜಿನ್ ಗಾಳಿ ಹೀರುವ ಎಳೆತವೇ ಬ್ರೇಕಿಗೂ ಬಲ ಕೊಡುವುದು ಅಂತ ನಮ್ಮವರು ಒಮ್ಮೆ ತೋರಿಸಿಕೊಟ್ಟಿದ್ದರು. ಎಂಜಿನ್ ಆಫ್ ಮಾಡಿ ಪೆಡಲನ್ನು ಕೆಲವು ಸಲ ಒತ್ತಿ, ಹಾಗೇ ಹಿಡಿದು ಸ್ಟಾರ್ಟ್ ಮಾಡಬೇಕು; ಎಲ್ಲ ಸರಿಯಿದ್ದರೆ ಪೆಡಲ್ ಕಾಲಡಿ ತಾನಾಗಿ ಸ್ವಲ್ಪ ಇಳಿಯುತ್ತದೆ. ಮಾಡಿದೆ. ಇಳಿಯಲಿಲ್ಲ. ಕಲ್ಲಿನ ಹಾಗೆ ನಿಂತಿತ್ತು.

ಅಷ್ಟರಲ್ಲಿ ಪೊಲೀಸಿನವನು ಪ್ಲೇಟು ನೋಡಿ ಕೈಬೀಸಿದ. "ಲೋಕಲ್ ತಾನೇ? ಪೋಂಗಮ್ಮಾ, ಪೋಂಗ!"

ಹಿಂದೆ ಜೀಪು ಹಾರ್ನ್ ಹೊಡೆಯಿತು.

"ಹೋಗೇ, ಬಿಟ್ಟಿದಾನಲ್ಲ," ಅಂದಳು ಅಕ್ಕ.

"ಇಲ್ಲಕ್ಕಾ. ಬ್ರೇಕ್ ಸರಿಯಿಲ್ಲ."

"ಇಲ್ಲೀತನಕ ಬಂತಲ್ಲ?"

"ಇಲ್ಲೀತನಕ ಘಾಟಿ ಇರ್ಲಿಲ್ಲ."

"ಚಿಕ್ಕೋಳಿದ್ದಾಗಿಂದ್ಲೂ ಹಿಂಗೇ ನೀನು, ಹಲ್ಲಿ ಕಂಡ್ರೂ ಮಂಚ ಹತ್ತೋಳು. ಮಗು ತೊಟ್ಟಿಲಿಗೆ ಹಾಕೋ ಹೊತ್ತಿಗೆ ನಾನಿಲ್ದಿದ್ರೆ ಜನ ಏನಂತಾರೆ?"

ಒಂದು ಕ್ಷಣ ಹೋಗಿಬಿಡೋಣ ಅನ್ನಿಸಿತ್ತು, ಸುಳ್ಳು ಹೇಳಲಾರೆ. ಸೆಕೆಂಡ್ ಗೇರಿನಲ್ಲಿ ನಿಧಾನಕ್ಕೆ ಇಳಿದರಾಯಿತು, ಬ್ರೇಕ್ ಪೂರ್ತಿ ಹೋಗಿಲ್ಲವಲ್ಲ ಅಂತ. ಆದರೆ ಕೊನೆಯ ತಿರುವುಗಳಲ್ಲಿ, ಈ ಮಂಡಿ ಸೋತ ಮೇಲೆ, ಎದುರಿಗೊಂದು ಲಾರಿ ಬಂದರೆ? ಸೀಟ್‌ಬೆಲ್ಟಿನ ಮೇಲಿದ್ದ ಅಕ್ಕನ ಕೈ ನೋಡಿದೆ. ಎಷ್ಟು ಸಣ್ಣದಾಗಿದೆ ಆ ಕೈ! ಕಾರನ್ನು ಪಕ್ಕಕ್ಕೆ ತಿರುಗಿಸಿ ಚಕ್ರಕ್ಕೆ ಕಲ್ಲು ಕೊಟ್ಟೆ. ಹಾರ್ನ್ ಹೊಡೆದ ಜೀಪು ಮಸಿನಗುಡಿಗೇ ಹೋಗುವ ಬಾಡಿಗೆ ಜೀಪು. ಅಕ್ಕ ಅದರ ಮುಂದಿನ ಸೀಟಿಗೆ ಹತ್ತಿದಳು. ನನ್ನ ಕೋಟು ಬಿಚ್ಚಿ ಕೈಗೆ ತುರುಕಿದಳು. ಟಾಟಾ ಮಾಡಲಿಲ್ಲ.

ಫೋನ್ ಮಾಡಿದ ಮೇಲೆ ಮೆಕ್ಯಾನಿಕ್ ಸ್ಕೂಟರಿನಲ್ಲಿ ಬಂದ. ನನಗೆ ಬ್ರೇಕ್ ಒತ್ತಲು ಹೇಳಿದ. ಕಾರು ನಡುಗಿತು. ಎಂಜಿನ್ನಿನಿಂದ ಬ್ರೇಕಿಗೆ ಹೋಗುವ ರಬ್ಬರ್ ಪೈಪು ಕಿತ್ತು ಅದರ ಬಾಯಿಗೆ ಹೆಬ್ಬೆರಳು ಒತ್ತಿಹಿಡಿದ. ನಡುಕ ನಿಂತಿತು.

"ಬ್ರೇಕಿಗೆ ಬಲ ಕೊಡೋ ಡಬ್ಬಿ ಒಳಗಿನ ರಬ್ಬರ್ ಹರಿದಿದೆ ಅಮ್ಮಾ, ಅಲ್ಲಿಂದ್ಲೇ ಎಂಜಿನ್‌ಗೆ ಗಾಳಿ ನುಗ್ತಿದೆ," ಅಂದ. "ಶೆಡ್ಡಲ್ಲಿ ನಾನು ಬ್ರೇಕೇ ಒತ್ತಲಿಲ್ಲ."

ನನಗದು ಕೇಳಿಸಿತು, ಮನಸ್ಸು ಮಾತ್ರ ಘಾಟಿಯಲ್ಲಿತ್ತು. ಆ ಜೀಪಿನ ಬ್ರೇಕು ಯಾರು ನೋಡಿದ್ದರು? ನಾನೇ ಹತ್ತಿಸಿ ಕಳಿಸಿದ್ದೆ. ಅಕ್ಕನ ಫೋನಿಗೆ ಮಾಡಿದೆ, ಮತ್ತೆ ಮಾಡಿದೆ. ಘಾಟಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಗೊತ್ತಿತ್ತು. ಗೊತ್ತಿದ್ದರೂ ಮಾಡುತ್ತಲೇ ಇದ್ದೆ. ಕಾನ್ವೆಂಟಿನಲ್ಲಿ ಕಲಿತು ಮರೆತೇಹೋಗಿದ್ದ ಹೇಲ್ ಮೇರಿ ಪ್ರಾರ್ಥನೆ ಅರ್ಧಂಬರ್ಧ ಬಾಯಿಗೆ ಬಂತು.

ಕೊನೆಗೆ ಅವಳೇ ಮಾಡಿದಳು. ಹಿಂದೆ ಹೆಂಗಸರ ಹಾಡು ಕೇಳಿಸುತ್ತಿತ್ತು.

"ತೊಟ್ಟಿಲಿಗೆ ಹಾಕಾಯ್ತು. ನಾನು ಬರೋಷ್ಟರಲ್ಲಿ ಮುಗ್ಸಿಬಿಟ್ಟಿದ್ರು," ಅಂದಳು. ಧ್ವನಿಯಲ್ಲಿ ಇನ್ನೂ ಕೋಪವಿತ್ತು. ಆಮೇಲೆ ಮೆಲ್ಲಗೆ, "ಕೆಳಗಡೆ ತಿರುವಲ್ಲಿ ಒಂದು ಕಾರು ಗೋಡೆಗೆ ಗುದ್ದಿ ನಿಂತಿತ್ತು ಕಣೇ. ಗಂಡ ಹೆಂಡ್ತಿ ರಸ್ತೇಲಿ ಕೂತಿದ್ರು. ಬ್ರೇಕ್ ಹಿಡೀಲಿಲ್ವಂತೆ."

"ಅವರಿಗೇನಾದ್ರೂ...?"

"ಏನೂ ಆಗಿಲ್ಲ. ಆ ಹುಡುಗಿ ಮಾತ್ರ ಎದ್ದು ನಿಲ್ತಾನೇ ಇರ್ಲಿಲ್ಲ." ಹಾಡಿನ ಸದ್ದು ದೂರವಾಯಿತು; ಅವಳು ಹೊರಗೆ ಬಂದಿರಬೇಕು. "ಮಗು ನೋಡೋಕೆ ಬಸ್ಸಲ್ಲಿ ಬಾ. ಕೇಳಿಸ್ತಾ? ಬಸ್ಸಲ್ಲೇ ಬಾ."