ಹೊತ್ತು ಮುಳುಗಿದ ಮೇಲಿನ ಹಸಿವು

ಕಾಗವಾಡದ ಜಿನಮತಿ ರೊಟ್ಟಿ ಬಡಿಯಲು ಕುಳಿತಳೆಂದರೆ ಅದು ದಂಡಯಾತ್ರೆಯ ಸಿದ್ಧತೆ. ಸೆರಗು ಸಿಕ್ಕಿಸಿ, ಹಿಟ್ಟಿನ ಬೆಟ್ಟವನ್ನು ನೆಲಸಮ ಮಾಡಿ, ರೊಟ್ಟಿ ಬುಟ್ಟಿ, ಕಡಲೆಹಿಟ್ಟಿನ ಝುಣಕದ ಡಬ್ಬಿಗಳೊಂದಿಗೆ ಟಂಟಂ ಆಟೋ ಏರಿ ಆಕೆ ಸಕ್ಕರೆ ಕಾರ್ಖಾನೆಯ ಗೇಟಿನತ್ತ ಹೊರಡುತ್ತಿದ್ದಳು. ಕಬ್ಬು ತಂದವರ ಸಾಲಿನ ಪಕ್ಕ, ತಗಡಿನ ಚಪ್ಪರದ ಕೆಳಗೆ ಆಕೆಯ ಅಂಗಡಿ.

ಚಕ್ಕಡಿಗಳ ಕಾಲದಲ್ಲಿ ಆಕೆ ಸೋತದ್ದೇ ಇಲ್ಲ. ನಸುಕಿನಲ್ಲಿ ಬಂದ ಗಾಡಿಯವರು ಮಧ್ಯಾಹ್ನ ಉಂಡು ಹೋಗುತ್ತಿದ್ದರು. ಈಗ ಟ್ರ್ಯಾಕ್ಟರು, ಸರದಿ ತಿಳಿಸಲು ಮೊಬೈಲಿಗೇ ಬರುವ ಟೋಕನ್ನು. ಜಿನಮತಿ ದಿನಕ್ಕೆ ಬರುವ ಟ್ರ್ಯಾಕ್ಟರುಗಳನ್ನು ಎಣಿಸಿಯೇ ರೊಟ್ಟಿ ತರುತ್ತಿದ್ದಳು. ಆದರೂ ಬುಟ್ಟಿ ಅರ್ಧ ತುಂಬಿದ್ದಂತೆಯೇ ಮನೆಗೆ ಮರಳುತ್ತಿತ್ತು.

ಸೊಸೆ ರೂಪಾಲಿ ಒಂದು ದಿನ ಹೇಳಿಯೇಬಿಟ್ಟಳು. "ಅತ್ತಿ, ಈ ವಾರಾನೂ ಹಿಂಗ ರೊಟ್ಟಿ ಉಳದ್ರ ಅಂಗಡಿ ಬಂದ್ ಮಾಡೂಣ್ರಿ. ಬಾಜೂಕಿನ ಚಹಾದ ಸಿದ್ದಲಿಂಗ ಆ ಜಾಗಾ ಕೇಳಾಕತ್ತಾನ."

"ನನ್ನ ಒಲಿ ಇಟ್ಟ ಜಾಗಾ ಅವಗ? ನಾ ಸತ್ತ ಮ್ಯಾಲ ಕೇಳಂತ ಹೇಳ!"

ಇಪ್ಪತ್ತು ಹಂಗಾಮು ಕಂಡ ಸಿಂಹಾಸನ ಅದು.

ಮರುದಿನ ಅಂಗಡಿಗೆ ಪರದೆ ಎಳೆದು ಹೊರಡುವ ಹೊತ್ತಿಗೆ ಟಂಟಂ ಪಂಕ್ಚರ್ ಆಯಿತು. ಗಾಲಿ ಬಿಚ್ಚುವಷ್ಟರಲ್ಲಿ ಹೊತ್ತು ಮುಳುಗಿತು. ಜಿನಮತಿಯ ಮನೆಯಲ್ಲಿ, ನೇಮ ಪಾಲಿಸುವ ಜೈನರ ಮನೆಗಳಂತೆ, ಸೂರ್ಯ ಇಳಿಯುವ ಮೊದಲೇ ಊಟ ಮುಗಿದು ಒಲೆ ಆರುತ್ತಿತ್ತು. ಜಗತ್ತಿನಲ್ಲಿ ರಾತ್ರಿ ಉಣ್ಣುವವರೂ ಇದ್ದಾರೆಂಬುದು ಆಕೆಗೆ ಗೊತ್ತಿತ್ತು, ಸಮುದ್ರದಲ್ಲಿ ತಿಮಿಂಗಿಲಗಳಿವೆ ಎಂಬುದು ಗೊತ್ತಿದ್ದಂತೆ. ವ್ಯಾಪಾರದ ಲೆಕ್ಕಕ್ಕೆ ಮಾತ್ರ ಹಿಡಿದಿರಲಿಲ್ಲ.

ಅಂದು ತಿಮಿಂಗಿಲಗಳು ಎದುರಿಗೇ ಬಂದವು. ಟ್ರ್ಯಾಕ್ಟರುಗಳಿಂದ ಹಸಿದವರ ದಂಡೇ ಇಳಿದು ಸಿದ್ದಲಿಂಗನ ಟೋಸ್ಟಿನ ಬರಣಿಗೆ ಮುತ್ತಿಗೆ ಹಾಕಿತು. ಗಡಿಯಾಚೆ ಶಿರೋಳ ಕಡೆಯ ಡ್ರೈವರ್ ಜ್ಞಾನದೇವ ಆಕೆಯನ್ನು ಕಂಡು ಕುಣಿದಾಡಿದ.

"ಮಾವಶಿ, ಇವತ್ತರ ಸಿಕ್ಕಿರಲ್ಲ! ದಿನಾ ನಾವು ಬರೂದಕ್ಕೂ ನೀವು ಹೋಗೂದಕ್ಕೂ ಸರಿ ಆಗತೈತಿ. ಟೋಸ್ಟ್ ತಿಂದು ನಾಲಿಗಿ ಹಲಗಿ ಆಗೇತ್ರಿ."

"ಇದು ಉಣ್ಣೂ ಹೊತ್ತೇನೋ?"

"ಮತ್ತ ಯಾವಾಗ ಉಣ್ಣೂದ್ರಿ? ಸಂಜೀಮಟಾ ಟ್ರಾಲಿ ತುಂಬಸೂದ ಆಗತೈತಿ!"

ಉಳಿದ ರೊಟ್ಟಿಗಳು ನಿಂತ ನಿಲುವಿನಲ್ಲೇ ಮಾಯವಾದವು. ಜಿನಮತಿ ಹಣೆ ಬಡಿದುಕೊಂಡಳು. "ನನ್ನ ಹೊಟ್ಟಿ ನೋಡಿ ಊರ ಹೊಟ್ಟಿ ಅಳದ್ನಲ್ಲೋ!"

ಹಾಗೆಂದು ನೇಮ ಮುರಿದು ಕತ್ತಲಲ್ಲಿ ಒಲೆ ಹೊತ್ತಿಸುವವಳಲ್ಲ. ಆಕೆ ನೇರ ಶತ್ರುವಿನ ಪಾಳೆಯಕ್ಕೆ ನಡೆದಳು.

"ಸಿದ್ದಲಿಂಗ, ಜಾಗಾ ಬೇಕಂದ್ಯಂತಲ್ಲ? ಹೊತ್ತು ಮುಳುಗಿದ ಮ್ಯಾಲ ನಿಂದ. ನಾ ಮಾಡಿಟ್ಟು ಹೋಗ್ತೀನಿ, ನೀ ಮಾರು. ಲಾಭದಾಗ ಪಾಲು."

"ಪೂರಾ ಜಾಗಾ ಕೊಡಂಗಿಲ್ಲೇನ್ರಿ ಅಕ್ಕಾರ?"

"ಪೂರಾ ಬೇಕಂದ್ರ ನಾಳಿಂದ ನಸಕನ್ಯಾಗ ರೊಟ್ಟಿ ಬಡಿಯಾಕ ಬಾ."

ಸಿದ್ದಲಿಂಗ ತನ್ನ ಮೃದುವಾದ ಅಂಗೈಗಳನ್ನು ನೋಡಿಕೊಂಡು ಸಂಧಿಗೆ ಒಪ್ಪಿದ.

ಅಂದಿನಿಂದ ಯುದ್ಧನೀತಿಯೇ ಬದಲಾಯಿತು. ಎಷ್ಟು ಟ್ರಾಲಿ ತುಂಬುತ್ತಿವೆ ಎಂದು ಜ್ಞಾನದೇವ ಹೊಲದಿಂದಲೇ ಫೋನು ಮಾಡುತ್ತಿದ್ದ. ಹಿಟ್ಟು ಕಲಸುವುದು ಆಮೇಲೆ. ಹಗಲಿನವರಿಗೆ ಬಿಸಿರೊಟ್ಟಿ, ರಾತ್ರಿಯವರಿಗೆ ಕೆಡದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮಳೆ ಬಂದು ಕಬ್ಬಿನ ಕಟಾವು ನಿಂತ ದಿನ ಬುಟ್ಟಿಯೇ ಹೊರಡಲಿಲ್ಲ. ಏಕಾದಶಿಯ ದಿನ ಸಿದ್ದಲಿಂಗ ದೊಡ್ಡ ಬುಟ್ಟಿ ಬೇಡಿದಾಗ ಜಿನಮತಿ ನಕ್ಕಳು. ವಿಠ್ಠಲನ ಭಕ್ತರಾದ ಡ್ರೈವರುಗಳು ಅಂದು ರೊಟ್ಟಿ ಮುಟ್ಟುವವರಲ್ಲ. ಉಪವಾಸದ ವಿಷಯದಲ್ಲಿ ಆಕೆಗೆ ಪಾಠ ಹೇಳುವವರು ಇನ್ನೂ ಹುಟ್ಟಿರಲಿಲ್ಲ. ಪಾತೇಲಿ ತುಂಬ ಸಾಬೂದಾಣಿ ಖಿಚಡಿ ಹೋಯಿತು, ಗೆಡ್ಡೆ ಮುಟ್ಟದ ಜಿನಮತಿಯ ಕೈಯದಾದ್ದರಿಂದ ಬಟಾಟೆ ಇಲ್ಲದ್ದು. ಗೊಣಗಿದವರೂ ಎರಡನೇ ಸಲ ಕೇಳಿ ತಿಂದರು.

ವಾರದ ಕೊನೆಗೆ ಬುಟ್ಟಿ ಬರಿದಾಗಿ ಮನೆಗೆ ಬಂತು. ರೂಪಾಲಿ ಅಂಗಡಿ ಮುಚ್ಚುವ ಮಾತನ್ನು ತಾನು ಆಡಿಯೇ ಇಲ್ಲವೆಂಬಂತೆ ಹತ್ತಿರ ಬಂದು ಕುಳಿತಳು.

"ಅತ್ತಿ, ಹಿಂದಿನ ಗೇಟಿನ್ಯಾಗೂ ಒಂದು ಅಂಗಡಿ ಹಾಕೂಣೇನ್ರಿ? ಹಿಟ್ಟು ಎಷ್ಟು ಬೀಸಸ್ಲಿ?"

"ಹಿಟ್ಟು ಇರಲಿ ಬೇ," ಎಂದಳು ಜಿನಮತಿ ಕಾಲು ಚಾಚಿ. "ಮದಲ ಹೋಗಿ ಆ ಗೇಟಿನವರು ಯಾವಾಗ ಉಣ್ತಾರ ಕೇಳ್ಕೊಂಡ ಬಾ."